ಪವನಿನ ಲೆಕ್ಕ ಆಯ್ತು, ಮಗುವಿನ ಲೆಕ್ಕ ಎಲ್ಲಿ?

ತಲಾಖಿನ ಮಾತುಕತೆಗೆ ಒಮ್ಮೆಯಾದರೂ ಕೂತವರಿಗೆ ಈ ದೃಶ್ಯ ಹೊಸತಲ್ಲ. ಇಶಾ ನಮಾಝ್ ಮುಗಿದಿದೆ. ಮದ್ರಸದ ಕೋಣೆಯಲ್ಲಿ ಎರಡು ಕಡೆಯ ಹಿರಿಯರು ಎದುರುಬದುರು ಕೂತಿದ್ದಾರೆ. ಒಬ್ಬರು ಬಿಳಿ ಹಾಳೆಯಲ್ಲಿ ಬರೆಯುತ್ತಾ ಹೋಗುತ್ತಾರೆ. ಚಿನ್ನ ಇಷ್ಟು ಪವನ್, ಅದರಲ್ಲಿ ಸರ ಒಂದು, ಬಳೆ ನಾಲ್ಕು. ಕಪಾಟು ಒಂದು, ಮಂಚ ಒಂದು, ವಾಷಿಂಗ್ ಮೆಷಿನ್ ಒಂದು. ಅರ್ಧ ಪವನಿನ ಉಂಗುರ ಯಾರು ಹಾಕಿದ್ದು ಎಂಬ ಮಾತಿಗೆ ಅರ್ಧ ಗಂಟೆ ಜಗಳ. ಕೊನೆಗೊಂದು ಮೊತ್ತಕ್ಕೆ ಎರಡೂ ಕಡೆ ಒಪ್ಪುತ್ತದೆ, ಸಹಿ ಬೀಳುತ್ತದೆ. ಹಾಳೆಯ ಕೊನೆಯ ಸಾಲು ಮಾತ್ರ ಎಲ್ಲ ಕಡೆಯೂ ಒಂದೇ: ಇನ್ನು ಮುಂದೆ ಒಬ್ಬರ ಮೇಲೆ ಒಬ್ಬರಿಗೆ ಯಾವ ಹಕ್ಕು ಬಾಧ್ಯತೆಯೂ ಇರುವುದಿಲ್ಲ.

ಅಷ್ಟು ಹೊತ್ತಿಗೆ ಮಗು ಒಳಗೆ ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗಿರುತ್ತದೆ. ಹಾಳೆಯಲ್ಲಿ ಅದರ ಹೆಸರು ಇರುವುದಿಲ್ಲ. ಯಾರಾದರೂ ನೆನಪು ಮಾಡಿದರೆ "ಮಗು ಸಣ್ಣದು ಮಾರಾಯ್ರೆ, ಈಗ ಉಮ್ಮನ ಜೊತೆ ಇರಲಿ, ಮುಂದಿನದು ಮುಂದೆ ನೋಡುವ" ಎಂದು ಯಾರೋ ಹಿರಿಯರು ಹೇಳಿಬಿಡುತ್ತಾರೆ. ಆ 'ಮುಂದೆ' ಬರುವುದೇ ಇಲ್ಲ. ಬರುವುದು ಶಾಲೆಯ ಶುಲ್ಕ, ಜ್ವರ, ಪೆರ್ನಾಳ್‌ನ ಬಟ್ಟೆ. ಅದನ್ನೆಲ್ಲ ಹೊರುವುದು ಹೆಣ್ಣಿನ ತವರು.

ನಾವು ಈ ವಾರ ಹೇಳಬೇಕೆಂದಿರುವುದು ಇಷ್ಟೇ. ತಲಾಖ್ ಆಗಲಿ, ಖುಲಾ ಆಗಲಿ, ಆ ಹಾಳೆಯ ಮೊದಲ ಸಾಲಿನಲ್ಲಿ ಮಗುವಿನ ಹೆಸರು ಇರಬೇಕು. ಚಿನ್ನದ ಲೆಕ್ಕ ಆಮೇಲೆ.

ಎರಡು ಊರಿನ ನಡುವೆ ಬಿದ್ದ ಮಗು

ಇದು ಎಲ್ಲ ಊರಿನ ಮಾತೇ ಆದರೂ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಬಂದು ನೆಲೆಸಿದ ನಮ್ಮವರಿಗೆ ಇದರ ಬಿಸಿ ಸ್ವಲ್ಪ ಜಾಸ್ತಿ. ಕರಾವಳಿಯಿಂದ ಅಂಗಡಿ, ಬೇಕರಿ, ವ್ಯಾಪಾರ ಅಂತ ಬಂದವರು ನಾವು. ಗಂಡು ಇಲ್ಲಿ, ಮದುವೆ ಊರಲ್ಲಿ. ಹೆಣ್ಣು ಇಲ್ಲಿಗೆ ಬಂದು ನಾಲ್ಕೈದು ವರ್ಷ ಸಂಸಾರ ಮಾಡುತ್ತಾಳೆ. ಮಗು ಇಲ್ಲಿಯ ಅಂಗನವಾಡಿಗೆ ಹೋಗುತ್ತದೆ, ಪಕ್ಕದ ಮನೆಯವರ ಹತ್ತಿರ ಇಲ್ಲಿಯ ಕನ್ನಡ ಕಲಿಯುತ್ತದೆ. ಸಂಸಾರ ಮುರಿದ ದಿನ ತಾಯಿ ಮಗುವನ್ನು ಕರಕೊಂಡು ರಾತ್ರಿ ಬಸ್ಸಿಗೆ ಹತ್ತಿ ಊರಿಗೆ ಹೋಗುತ್ತಾಳೆ. ಅಂಗಡಿ ಇಲ್ಲಿ, ಮಗು ಅಲ್ಲಿ. ಇಲ್ಲಿಯ ಜಮಾಅತಿನವರು "ನಿಕಾಹ್ ಊರಲ್ಲಿ ಆದದ್ದು, ಅಲ್ಲಿಯೇ ತೀರ್ಮಾನ ಆಗಲಿ" ಎನ್ನುತ್ತಾರೆ. ಊರಿನ ಜಮಾಅತಿನವರು "ಗಂಡ ಇರುವುದು ಅಲ್ಲಿ, ಅವನ ಆದಾಯ ನಮಗೆ ಹೇಗೆ ಗೊತ್ತಾಗಬೇಕು" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ತಪ್ಪಿಲ್ಲ. ಆದರೆ ನಡುವೆ ಬಿದ್ದದ್ದು ಮಗು.

ಇಲ್ಲಿ ಇನ್ನೊಂದು ಗೊಂದಲವೂ ಸೇರುತ್ತದೆ. ನಾವು ಶಾಫಿಈಗಳು, ಈ ಕಡೆಯ ಹೆಚ್ಚಿನ ಮಸೀದಿಗಳು ಹನಫಿ. ಮಗು ಎಷ್ಟು ವರ್ಷ ತಾಯಿಯ ಹತ್ತಿರ ಇರಬೇಕು ಎಂಬುದರಲ್ಲಿ ಎರಡು ಮದ್‌ಹಬ್‌ಗಳ ನಡುವೆ ವ್ಯತ್ಯಾಸ ಇದೆ. ಹನಫಿಯಲ್ಲಿ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ಪ್ರಾಯಕ್ಕೆ ಬರುವವರೆಗೆ ತಾಯಿಯ ಹತ್ತಿರ. ಶಾಫಿಈಯಲ್ಲಿ ಮಗುವಿಗೆ ತಿಳುವಳಿಕೆ ಬರುವ ಪ್ರಾಯದವರೆಗೆ, ಅಂದರೆ ಸುಮಾರು ಏಳು ವರ್ಷದವರೆಗೆ ತಾಯಿ, ಆಮೇಲೆ ಮಗುವಿನ ಆಯ್ಕೆ. ನ್ಯಾಯಾಲಯಕ್ಕೆ ಹೋದರೆ 1890ರ ಪೋಷಕರು ಮತ್ತು ಪಾಲಿತರ ಕಾಯ್ದೆಯ ಪ್ರಕಾರ ಮಗುವಿನ ಹಿತವೇ ದೊಡ್ಡದು. ಈ ಬಗ್ಗೆ ಎಷ್ಟು ಬೇಕಾದರೂ ಚರ್ಚೆ ಮಾಡುವ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಂದೇ. ಮಗು ಯಾರ ಹತ್ತಿರ ಇದ್ದರೂ ಅದರ ಖರ್ಚು ತಂದೆಯದ್ದು. "ಮಗುವನ್ನು ಕರಕೊಂಡು ಹೋದವಳು ಸಾಕಲಿ" ಎಂಬ ಮಾತಿಗೆ ಯಾವ ಮದ್‌ಹಬ್‌ನಲ್ಲೂ ಆಧಾರ ಇಲ್ಲ.

ದೀನ್ ಹೇಳುವುದೇನು

ಸೂರಾ ಅಲ್ ಬಖರದ 233ನೇ ಆಯತ್ ಹಾಲುಣಿಸುವ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಇಡುತ್ತದೆ. ಮಗುವಿನ ಕಾರಣಕ್ಕೆ ತಾಯಿಗೂ ತೊಂದರೆ ಆಗಬಾರದು, ತಂದೆಗೂ ತೊಂದರೆ ಆಗಬಾರದು ಎಂದು ಎರಡೂ ಕಡೆಯ ನ್ಯಾಯ ಹೇಳುತ್ತದೆ. ಅದೇ ಸೂರಾದ 241ನೇ ಆಯತ್‌ನಲ್ಲಿ ತಲಾಖ್ ಆದವಳಿಗೆ ನ್ಯಾಯವಾದ ಜೀವನಾಂಶ ಕೊಡುವ ಮಾತಿದೆ. ಸೂರಾ ತಲಾಖ್‌ನ ಆರು ಮತ್ತು ಏಳನೇ ಆಯತ್‌ಗಳು ಇನ್ನೂ ಸ್ಪಷ್ಟ: ಪರಸ್ಪರ ಸಮಾಲೋಚನೆ ಮಾಡಿಕೊಳ್ಳಿ, ಉಳ್ಳವನು ಉಳ್ಳಷ್ಟರಲ್ಲಿ ಖರ್ಚು ಮಾಡಲಿ, ಕಡಿಮೆ ಇರುವವನು ಅಲ್ಲಾಹು ಕೊಟ್ಟದ್ದರಲ್ಲಿ ಖರ್ಚು ಮಾಡಲಿ ಎಂಬ ಅರ್ಥದ ಮಾತುಗಳು ಅಲ್ಲಿವೆ. ಸೂರಾ ನಿಸಾದ 20ನೇ ಆಯತ್ ರಾಶಿ ಚಿನ್ನ ಕೊಟ್ಟಿದ್ದರೂ ಹೆಂಡತಿಯಿಂದ ವಾಪಸ್ ಕಿತ್ತುಕೊಳ್ಳಬೇಡಿ ಎನ್ನುತ್ತದೆ. ಅದೇ ಸೂರಾದ 35ನೇ ಆಯತ್‌ನಲ್ಲಿ ಎರಡು ಕುಟುಂಬದಿಂದ ಒಬ್ಬೊಬ್ಬ ಮಧ್ಯಸ್ಥರನ್ನು ಕೂರಿಸುವ ದಾರಿ ಇದೆ.

ನಾವು ಈ ಆಯತ್‌ಗಳನ್ನು ವಅಳ್‌ಗಳಲ್ಲಿ ಕೇಳುತ್ತೇವೆ. ಆದರೆ ಹಾಳೆ ಬರೆಯುವಾಗ ಮರೆಯುತ್ತೇವೆ. ನಮ್ಮ ಸಾರಾ ಅಬೂಬಕ್ಕರ್ ಅವರು 'ಚಂದ್ರಗಿರಿಯ ತೀರದಲ್ಲಿ' ಬರೆದು ನಾಲ್ಕು ದಶಕ ದಾಟಿತು. ಗಂಡಸರ ಹಟದ ನಡುವೆ ಸಿಕ್ಕಿದ ಒಬ್ಬ ತಾಯಿ ಮತ್ತು ಅವಳ ಕೂಸಿನ ಕಥೆ ಅದು. ಆಗ ಸಿಟ್ಟಾದವರು ಬಹಳ ಜನ. ಆದರೆ ಸಾರಾ ಎತ್ತಿದ ಪ್ರಶ್ನೆ ಇನ್ನೂ ನಮ್ಮ ಮದ್ರಸದ ಕೋಣೆಯಲ್ಲೇ ಕೂತಿದೆ. ದೊಡ್ಡವರ ಲೆಕ್ಕಾಚಾರದಲ್ಲಿ ಕೂಸಿನ ಪಾಲು ಯಾರು ಕೇಳುವುದು?

ಕಾನೂನು ಎಲ್ಲಿಗೆ ಬಂದು ನಿಂತಿದೆ

"ಇದ್ದತ್‌ನ ಖರ್ಚು ಕೊಟ್ಟರೆ ಮುಗಿಯಿತು" ಎಂದು ನಂಬಿದವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಾನೂನು ಹಾಗಿಲ್ಲ. ಸ್ವಲ್ಪ ಹಿಂದಿನಿಂದ ಹೇಳಿದರೆ ಅರ್ಥ ಆಗುತ್ತದೆ.

ಇಂದೋರಿನ ಶಾ ಬಾನು 1978ರಲ್ಲಿ ಜೀವನಾಂಶ ಕೇಳಿ ಕೋರ್ಟಿಗೆ ಹೋದಾಗ ಅವರಿಗೆ 62 ವರ್ಷ, ಐದು ಮಕ್ಕಳ ತಾಯಿ. ಗಂಡ ವಕೀಲ. ಮ್ಯಾಜಿಸ್ಟ್ರೇಟ್ ಕೊಟ್ಟದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ದೇಶವೆಲ್ಲ ಗದ್ದಲ ಆಯಿತು, 1986ರಲ್ಲಿ ಹೊಸ ಕಾಯ್ದೆ ಬಂತು. ಇದ್ದತ್‌ನ ಅವಧಿಯೊಳಗೆ ನ್ಯಾಯವಾದ ಮೊತ್ತ ಕೊಡಬೇಕು, ಮಹ್ರ್ ಕೊಡಬೇಕು, ಮದುವೆಗೆ ಮೊದಲು, ಮದುವೆಯಲ್ಲಿ, ಮದುವೆಯ ನಂತರ ಅವಳಿಗೆ ಬಂದ ಸೊತ್ತೆಲ್ಲ ವಾಪಸ್ ಕೊಡಬೇಕು ಎಂದು ಅದರಲ್ಲಿದೆ. 2001ರಲ್ಲಿ ಡ್ಯಾನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದರ ಅರ್ಥವನ್ನು ಬಿಡಿಸಿ ಹೇಳಿತು. ಕೊಡುವುದು ಇದ್ದತ್‌ನ ಒಳಗೆ, ಆದರೆ ಕೊಡುವ ಮೊತ್ತ ಅವಳ ಮುಂದಿನ ಬದುಕಿಗೂ ಸಾಕಾಗುವಂತೆ ಇರಬೇಕು.

2024ರ ಜುಲೈ 10ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಅಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿಚ್ಛೇದಿತ ಮುಸ್ಲಿಂ ಮಹಿಳೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಕೆಳಗೂ ಜೀವನಾಂಶ ಕೇಳಬಹುದು, 1986ರ ಕಾಯ್ದೆ ಅದಕ್ಕೆ ಅಡ್ಡಿ ಅಲ್ಲ ಎಂದಿತು. ಆ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. ಬೆಂಗಳೂರಿನ ಒಬ್ಬ ವ್ಯಕ್ತಿ ಮದುವೆಯಾದ ಕೆಲವೇ ತಿಂಗಳಲ್ಲಿ, 1991ರಲ್ಲಿ, 5,000 ರೂಪಾಯಿ ಮಹ್ರ್ ಕೊಟ್ಟು ತಲಾಖ್ ಹೇಳಿದ್ದರು. ಆಕೆ 2002ರಲ್ಲಿ ದಾವೆ ಹೂಡಿದರು. 2011ರಲ್ಲಿ ಕೌಟುಂಬಿಕ ನ್ಯಾಯಾಲಯ ತಿಂಗಳಿಗೆ 3,000 ರೂಪಾಯಿ ಕೊಡಬೇಕೆಂದಿತು. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಆ ವ್ಯಕ್ತಿಯ ಅರ್ಜಿಯನ್ನು 25,000 ರೂಪಾಯಿ ದಂಡದೊಂದಿಗೆ ವಜಾ ಮಾಡಿದರು. ನಿಕಾಹ್ ಒಂದು ಒಪ್ಪಂದ ಹೌದು, ಆದರೆ ಅದು ಮುರಿದ ಕೂಡಲೇ ಅದರಿಂದ ಹುಟ್ಟಿದ ಹೊಣೆಗಾರಿಕೆ ಎಲ್ಲ ಅಳಿಸಿಹೋಗುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಮೂವತ್ತು ವರ್ಷ ಹಿಂದಿನ ಆ 5,000 ರೂಪಾಯಿಯನ್ನು ಒಮ್ಮೆ ನೆನೆಯಿರಿ. 'ಲೆಕ್ಕ ಮುಗಿಯಿತು' ಎಂದು ಅಂದು ಅಂದುಕೊಂಡವರಿಗೆ ಲೆಕ್ಕ ಎಷ್ಟು ವರ್ಷ ಬೆನ್ನು ಹತ್ತಿತು ನೋಡಿ.

ಮಕ್ಕಳ ವಿಷಯದಲ್ಲಂತೂ ಗೊಂದಲವೇ ಇಲ್ಲ. 1986ರ ಕಾಯ್ದೆಯಲ್ಲಿ ಮಗು ಹುಟ್ಟಿ ಎರಡು ವರ್ಷದವರೆಗೆ ಎಂಬ ಮಾತಿದೆ. ಅದನ್ನೇ ಹಿಡಿದು 'ಎರಡು ವರ್ಷ ಆಯಿತು, ಇನ್ನು ಇಲ್ಲ' ಎಂದವರಿದ್ದರು. 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಎರಡು ವರ್ಷದ್ದು ತಾಯಿಗೆ ಸಂಬಂಧಪಟ್ಟ ಮಾತು, ಮಗುವಿನ ಸ್ವಂತ ಹಕ್ಕು ಬೇರೆಯೇ. ಮಕ್ಕಳು ಪ್ರಾಯಕ್ಕೆ ಬರುವವರೆಗೆ ಅಥವಾ ತಮ್ಮನ್ನು ತಾವು ನೋಡಿಕೊಳ್ಳುವವರೆಗೆ, ಹೆಣ್ಣು ಮಕ್ಕಳಿಗೆ ಮದುವೆ ಆಗುವವರೆಗೆ ತಂದೆ ಕೊಡಲೇಬೇಕು. ತಾಯಿ ಮರುಮದುವೆ ಆದರೆ ಅವಳ ಜೀವನಾಂಶ ನಿಲ್ಲಬಹುದು, ಮಗುವಿನದ್ದು ನಿಲ್ಲುವುದಿಲ್ಲ. ಖುಲಾ ಕೇಳುವಾಗ ಬಿಡುಗಡೆ ಸಿಕ್ಕರೆ ಸಾಕೆಂದು ತಾಯಿ ತನ್ನ ಮಹ್ರನ್ನು ಬಿಟ್ಟುಕೊಡಬಹುದು. ಆದರೆ ಮಗುವಿನ ಪಾಲು ಅವಳದ್ದಲ್ಲ. ಅದನ್ನು ಬಿಟ್ಟುಕೊಡಲು ಅವಳಿಗೂ ಹಕ್ಕಿಲ್ಲ, ಬರೆಸಿಕೊಳ್ಳಲು ನಮಗೂ ಹಕ್ಕಿಲ್ಲ.

ಒಂದು ಲಕ್ಷ ಎಷ್ಟು ದಿನ?

ನಮ್ಮ ಪಂಚಾಯಿತಿಗಳಲ್ಲಿ ಮಗುವಿನ ಮಾತು ಬಂದರೂ 'ಒಟ್ಟಿಗೆ ಒಂದು ಮೊತ್ತ ಕೊಟ್ಟು ಬಿಡುವ' ಎಂಬಲ್ಲಿಗೆ ನಿಲ್ಲುತ್ತದೆ. ಒಂದು ಲಕ್ಷ ಎಂದ ಕೂಡಲೇ ಎಲ್ಲರ ಮುಖದಲ್ಲೂ ಸಮಾಧಾನ. ಸರಿ, ಲೆಕ್ಕ ಹಾಕುವ. ಮಗುವಿಗೆ ಈಗ ನಾಲ್ಕು ವರ್ಷ. 18 ತುಂಬಲು ಇನ್ನು 14 ವರ್ಷ, ಅಂದರೆ 168 ತಿಂಗಳು. ಒಂದು ಲಕ್ಷವನ್ನು 168ರಿಂದ ಭಾಗಿಸಿದರೆ ತಿಂಗಳಿಗೆ 595 ರೂಪಾಯಿ. ದಿನಕ್ಕೆ 20 ರೂಪಾಯಿ ಸಹ ಇಲ್ಲ. ನಮ್ಮ ಬೇಕರಿಯಲ್ಲಿ ಒಂದು ಚಹಾ, ಒಂದು ಬನ್ ಕೊಟ್ಟರೆ ಮುಗಿಯಿತು. ಅದರಲ್ಲಿ ಮಗುವಿನ ಊಟ, ಶಾಲೆ, ಔಷಧಿ ಎಲ್ಲ ಆಗಬೇಕು!

ಈಗ ಇನ್ನೊಂದು ಕಡೆಯಿಂದ ನೋಡುವ. ಉದಾಹರಣೆಗೆ ಒಂದನೇ ಕ್ಲಾಸಿನ ಒಂದು ಮಗು. ಊಟ, ಹಾಲು ತಿಂಗಳಿಗೆ 2,000. ಶಾಲೆಯ ಶುಲ್ಕ, ಪುಸ್ತಕ, ವ್ಯಾನ್ ಎಲ್ಲ ಸೇರಿ ವರ್ಷಕ್ಕೆ 30,000 ಎಂದರೆ ತಿಂಗಳಿಗೆ 2,500. ಬಟ್ಟೆ, ಪೆರ್ನಾಳ್ ಖರ್ಚು 500. ಔಷಧಿ 500. ಮನೆ ಬಾಡಿಗೆ, ಕರೆಂಟ್, ಗ್ಯಾಸಿನಲ್ಲಿ ಮಗುವಿನ ಪಾಲು 1,000. ಒಟ್ಟು 6,500. ಈ ಲೆಕ್ಕದಲ್ಲಿ ಒಂದು ಲಕ್ಷ ಹದಿನೈದು ತಿಂಗಳಲ್ಲಿ ಮುಗಿಯಿತು. ಉಳಿದ 153 ತಿಂಗಳು ಯಾರ ತಲೆಯ ಮೇಲೆ?

ಮೊತ್ತ ಮನೆಯಿಂದ ಮನೆಗೆ ಬೇರೆ ಆಗುತ್ತದೆ. ಸರಕಾರಿ ಶಾಲೆಗೆ ಹೋಗುವ ಮಗುವಿಗೆ ಕಡಿಮೆ ಸಾಕು, ಕಾಯಿಲೆ ಇರುವ ಮಗುವಿಗೆ ಜಾಸ್ತಿ ಬೇಕು. ಆದರೆ ಲೆಕ್ಕ ಈ ರೀತಿ ಬಾಬತ್ತು ಬಾಬತ್ತಾಗಿ ಆಗಬೇಕು, 'ಏನೋ ಒಂದು' ಎಂದಲ್ಲ. ಪ್ರತಿ ವರ್ಷ ಶೇ. 10 ಏರಿಕೆ ಎಂದು ಈಗಲೇ ಬರೆದಿಟ್ಟರೆ ಮುಂದೆ ಪ್ರತಿ ಜೂನ್‌ನಲ್ಲಿ ಜಗಳ ಆಗುವುದಿಲ್ಲ.

"ನಮ್ಮದು ಸಂಬಳ ಅಲ್ಲ, ಸೀಸನ್ ವ್ಯಾಪಾರ" ಎಂಬ ಮಾತು ಈ ಕಡೆ ಹೆಚ್ಚು ಕೇಳುತ್ತದೆ. ನಿಜವೇ. ಕೊಟ್ಟೂರಿನ ತೇರು, ಮೈಲಾರದ ಜಾತ್ರೆಯ ಸಮಯಕ್ಕೆ ಆಗುವ ವ್ಯಾಪಾರ ಮಳೆಗಾಲದಲ್ಲಿ ಆಗುವುದಿಲ್ಲ. ರೈತನ ಕೈಯಲ್ಲಿ ದುಡ್ಡು ಓಡಾಡದಿದ್ದರೆ ನಮ್ಮ ಗಲ್ಲಾವೂ ಖಾಲಿ. ಶಾಲೆ ಶುಲ್ಕ ಬರುವುದು ಸರಿಯಾಗಿ ಆ ಖಾಲಿ ತಿಂಗಳಲ್ಲೇ. ಇದಕ್ಕೆ ದಾರಿ ಇದೆ. ಪ್ರತಿ ತಿಂಗಳು ತಪ್ಪದ ಒಂದು ಕನಿಷ್ಠ ಮೊತ್ತ, ವ್ಯಾಪಾರ ಚೆನ್ನಾಗಿರುವ ಎರಡು ತಿಂಗಳಲ್ಲಿ ಶಾಲೆಯ ಇಡೀ ವರ್ಷದ ಶುಲ್ಕ. ಅಂಗಡಿ ಬಾಡಿಗೆಯನ್ನು ಸೀಸನ್ ನೋಡಿ ಯಾರೂ ಬಿಡುವುದಿಲ್ಲ. ಮಗುವನ್ನು ಮಾತ್ರ ಯಾಕೆ ಬಿಡಬೇಕು?

ಅಡವಿಟ್ಟ ಬಳೆ, ಸಂಘದ ಸಾಲ

ಚಿನ್ನದ ಮಾತಿಗೂ ಬರುವ. ಹಾಳೆಯಲ್ಲಿ 'ಚಿನ್ನ ವಾಪಸ್' ಎಂದು ಬರೆಯುವುದು ಸುಲಭ. ಆದರೆ ಚಿನ್ನ ಎಲ್ಲಿದೆ? ನಮ್ಮಲ್ಲಿ ಎಷ್ಟೋ ಅಂಗಡಿಗಳ ಅಡ್ವಾನ್ಸ್, ಓವನ್, ಫ್ರಿಜ್ ಬಂದದ್ದು ಹೆಂಡತಿಯ ಬಳೆಯಿಂದ. ಬಳೆ ಸೊಸೈಟಿಯಲ್ಲಿ ಅಡವಿದೆ, ಬಡ್ಡಿ ಏರುತ್ತಾ ಇದೆ. ಬಿಡಿಸುವುದು ಯಾರು, ಯಾವ ತಾರೀಕಿನೊಳಗೆ ಎಂದು ಬರೆಯದಿದ್ದರೆ ಆ ಸಾಲಿಗೆ ಬೆಲೆ ಇಲ್ಲ.

ಇನ್ನು ಸಂಘದ ಸಾಲ. ಮಹಿಳಾ ಸಂಘದಿಂದ ಹೆಂಡತಿಯ ಹೆಸರಲ್ಲಿ ತೆಗೆದ ದುಡ್ಡು ಗಂಡನ ಅಂಗಡಿಗೆ ಹೋಗಿರುತ್ತದೆ. ಮನೆ ಮುರಿದ ಮೇಲೂ ವಾರದ ಕಂತಿಗೆ ಅವಳ ಫೋನೇ ಹೊಡೆದುಕೊಳ್ಳುತ್ತದೆ, ಅವನದ್ದಲ್ಲ. ಯಾರ ಹೆಸರಲ್ಲಿ ಯಾವ ಸಾಲ, ದುಡ್ಡು ಎಲ್ಲಿಗೆ ಹೋಯಿತು, ಇನ್ನೆಷ್ಟು ಕಂತು ಬಾಕಿ ಎಂಬ ಪಟ್ಟಿ ಮಾಡಿ, ಅಂಗಡಿಗೆ ಹೋದದ್ದನ್ನು ಅಂಗಡಿಯವನೇ ತೀರಿಸಬೇಕು ಎಂದು ಬರೆಸಬೇಕು.

ಅತಿ ಕಷ್ಟದ್ದು ಆದಾಯದ ಪ್ರಶ್ನೆ. ಅಂಗಡಿಯ ಲೈಸೆನ್ಸ್ ಅಣ್ಣನ ಹೆಸರಲ್ಲಿ, ಬಾಡಿಗೆ ಕರಾರು ಭಾವನ ಹೆಸರಲ್ಲಿ. ನಿನ್ನೆಯವರೆಗೆ 'ನನ್ನ ಅಂಗಡಿ' ಎಂದವನು ಪಂಚಾಯಿತಿಯ ದಿನ 'ನಾನು ಅಲ್ಲಿ ಕೆಲಸಕ್ಕೆ ಇರುವುದು' ಎನ್ನುತ್ತಾನೆ. ಮದುವೆ ಮಾತಾಡುವಾಗ ಇದೇ ಅಂಗಡಿ ತೋರಿಸಿಯೇ ಅಲ್ಲವೇ ಹೆಣ್ಣು ಕೇಳಿದ್ದು? 2020ರ ನವೆಂಬರ್ 4ರ ರಜನೇಶ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಆಟಕ್ಕೆ ಕಡಿವಾಣ ಹಾಕಿದೆ. ಜೀವನಾಂಶದ ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಕೇಸು ಎಳೆದಷ್ಟೂ ಬಾಕಿ ಬೆಳೆಯುತ್ತದೆ, ಕರಗುವುದಿಲ್ಲ. ಜಮಾಅತ್ ಕಮಿಟಿಯವರೂ ಇದೇ ಕ್ರಮ ಇಟ್ಟುಕೊಳ್ಳಬಹುದಲ್ಲ? ಎರಡೂ ಕಡೆಯವರು ಆರು ತಿಂಗಳ ಬ್ಯಾಂಕ್ ಲೆಕ್ಕ, ಅಂಗಡಿಯ ಕಾಗದ, ಚೀಟಿ ಪುಸ್ತಕ, ಸಾಲದ ಪಾಸ್‌ಬುಕ್ ತಂದು ಮೇಜಿನ ಮೇಲೆ ಇಡಲಿ. ಆಮೇಲೆ ಮಾತು.

ತಂದೆಯ ಕಡೆಯ ಮಾತು

ನಮ್ಮ ಮಾತು ಒಂದು ಕಡೆಗೆ ವಾಲಿತು ಎಂದು ಯಾರೂ ಭಾವಿಸಬಾರದು. ತಂದೆಯಂದಿರ ದೂರಿನಲ್ಲೂ ಸತ್ಯ ಇದೆ. "ದುಡ್ಡು ಮಾತ್ರ ಬೇಕು, ಮಗುವನ್ನು ತೋರಿಸುವುದಿಲ್ಲ" ಎನ್ನುವವರನ್ನು ನಾವು ಕಂಡಿದ್ದೇವೆ. ಕೊಟ್ಟೂರಿನಿಂದ ರಾತ್ರಿ ಹೊರಟು ಬೆಳಿಗ್ಗೆ ಊರು ಮುಟ್ಟಿ, ಗೇಟಿನ ಹೊರಗೆ ನಿಂತು, ಆಟಿಕೆಯ ಚೀಲ ಹಿಡಿದುಕೊಂಡು ಹಾಗೇ ವಾಪಸ್ ಬಂದ ತಂದೆಯ ಸಂಕಟ ಸಣ್ಣದಲ್ಲ. ಮಗುವಿಗೆ ಅನ್ನದ ಹಕ್ಕು ಇರುವ ಹಾಗೆ ಬಾಪನ ಮುಖ ನೋಡುವ ಹಕ್ಕೂ ಇದೆ. ಯಾವ ದಿನ, ಎಲ್ಲಿ, ಎಷ್ಟು ಹೊತ್ತು, ರಜೆಯಲ್ಲಿ ಎಷ್ಟು ದಿನ, ವಾರದಲ್ಲಿ ಎಷ್ಟು ಸಲ ವಿಡಿಯೊ ಕಾಲ್ ಎಂಬುದೂ ಆ ಹಾಳೆಯಲ್ಲಿ ಇರಲಿ. ಆದರೆ ಒಂದಕ್ಕೊಂದು ಗಂಟು ಹಾಕಬಾರದು. ಮಗುವನ್ನು ತೋರಿಸಲಿಲ್ಲ ಎಂದು ದುಡ್ಡು ನಿಲ್ಲಿಸುವುದೂ ತಪ್ಪು, ದುಡ್ಡು ತಡವಾಯಿತು ಎಂದು ಮಗುವನ್ನು ಅಡಗಿಸುವುದೂ ತಪ್ಪು. ಎರಡರಲ್ಲೂ ಶಿಕ್ಷೆ ಮಗುವಿಗೆ.

"ಕೊಟ್ಟ ದುಡ್ಡು ಅವರ ಮನೆಯವರು ತಿನ್ನುತ್ತಾರೆ" ಎಂಬ ಸಂಶಯ ಇದ್ದರೆ ಶುಲ್ಕವನ್ನು ನೇರ ಶಾಲೆಗೆ ಕಟ್ಟಲಿ, ಉಳಿದದ್ದನ್ನು ತಾಯಿಯ ಬ್ಯಾಂಕ್ ಖಾತೆಗೆ ಹಾಕಲಿ. ಕೈಯಲ್ಲಿ ಕೊಡುವುದು ಬೇಡವೇ ಬೇಡ. ಖಾತೆಗೆ ಹಾಕಿದರೆ ಕೊಟ್ಟವನಿಗೂ ಪುರಾವೆ, ಸಿಗದಿದ್ದವಳಿಗೂ ಪುರಾವೆ. ನಿಜವಾಗಿಯೂ ಇಲ್ಲದವನಿಗೆ ಇಲ್ಲದಷ್ಟೇ ಹೊರೆ ಹಾಕಬೇಕು, ಅದನ್ನು ದೀನ್ ಕೂಡ ಹೇಳಿದೆ. ಆದರೆ ಎರಡನೇ ಮದುವೆಗೆ ಹಾಲ್ ಬುಕ್ ಮಾಡಲು ಇರುವ ದುಡ್ಡು ಮೊದಲ ಮಗುವಿನ ಶುಲ್ಕಕ್ಕೆ ಇಲ್ಲ ಎಂದರೆ ಅದು ಬಡತನ ಅಲ್ಲ.

ಹಾಳೆ ಗಟ್ಟಿಯಾಗಬೇಕಾದರೆ

ಜಮಾಅತ್ ಬರೆಸಿದ ಕಾಗದಕ್ಕೆ ಕಾನೂನಿನ ಬಲ ಇಲ್ಲ. ದಾರುಲ್ ಖಝಾಗಳ ತೀರ್ಮಾನ, ಫತ್ವಾ ಯಾರನ್ನೂ ಕಾನೂನಿನ ಪ್ರಕಾರ ಕಟ್ಟಿಹಾಕುವುದಿಲ್ಲ ಎಂದು 2014ರ ಜುಲೈ 7ರಂದೇ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆಂದು ಮಾತುಕತೆ ಬೇಡ ಎಂದಲ್ಲ. ಮಾತುಕತೆ ಇಲ್ಲಿ ಆಗಲಿ, ಆದ ಒಪ್ಪಂದವನ್ನು ಲೋಕ ಅದಾಲತ್‌ಗೆ ಒಯ್ಯುವ. ಅಲ್ಲಿ ರಾಜಿಯಾದ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ. ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಇದರ ಮಾಹಿತಿ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಕಾನೂನು ನೆರವಿನ ಸಹಾಯವಾಣಿ 15100, ಮಹಿಳಾ ಸಹಾಯವಾಣಿ 181.

ಮಾತುಕತೆಗೆ ಒಪ್ಪದಿದ್ದರೆ ಕೋರ್ಟಿನ ದಾರಿ ಇದ್ದೇ ಇದೆ. ಅರ್ಜಿ ಹಾಕಲು ಹೆಣ್ಣು ಇಲ್ಲಿಗೇ ಬರಬೇಕೆಂದಿಲ್ಲ. ಅವಳು ಈಗ ಇರುವ ಊರಿನಲ್ಲೂ ಹಾಕಬಹುದು, ಗಂಡ ಇರುವ ಊರಿನಲ್ಲೂ ಹಾಕಬಹುದು. ಮಂಗಳೂರಿನಲ್ಲೋ ಬಂಟ್ವಾಳದಲ್ಲೋ ಹಾಕಿದ ಅರ್ಜಿಗೆ ಹರಪನಹಳ್ಳಿಯ ಅಂಗಡಿಯವನು ಉತ್ತರ ಕೊಡಬೇಕಾಗುತ್ತದೆ. ನೋಟಿಸ್ ಮುಟ್ಟಿದ ಮೇಲೆ ಸಾಧ್ಯವಾದಷ್ಟು ಮಟ್ಟಿಗೆ 60 ದಿನದೊಳಗೆ ಮಧ್ಯಂತರ ಜೀವನಾಂಶದ ಅರ್ಜಿ ತೀರ್ಮಾನ ಆಗಬೇಕೆಂದು ಕಾನೂನು ಹೇಳುತ್ತದೆ. ಆದೇಶ ಆದ ಮೇಲೂ ಕೊಡದಿದ್ದರೆ ವಾರಂಟ್, ಬಾಕಿ ಇರುವ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲು. ಬಾಕಿ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು ಎಂಬುದನ್ನು ಹೆಣ್ಣಿನ ಕಡೆಯವರು ಮರೆಯಬಾರದು.

ಕಾಗದಪತ್ರದ ಮಾತೂ ಒಂದಿದೆ. ಮನೆ ಬಿಡುವ ಗಡಿಬಿಡಿಯಲ್ಲಿ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಲಸಿಕೆಯ ಕಾರ್ಡ್ ಗಂಡನ ಮನೆಯಲ್ಲೇ ಉಳಿಯುತ್ತದೆ. ಆಮೇಲೆ ಅದೇ ಒಂದು ಅಸ್ತ್ರ ಆಗುತ್ತದೆ. ವರ್ಗಾವಣೆ ಪತ್ರ ತಡವಾಯಿತು ಎಂಬ ಕಾರಣಕ್ಕೆ ಎಂಟನೇ ತರಗತಿವರೆಗೆ ಮಗುವಿಗೆ ಶಾಲೆಯಲ್ಲಿ ಸೀಟು ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೂ ಈ ಕಾಗದಗಳು ಮಗು ಇರುವ ಕಡೆಗೇ ಹೋಗಬೇಕು ಎಂದು ಒಪ್ಪಂದದಲ್ಲೇ ಬರೆಸಿ. ತಾಯಿ ಮಗುವಿನ ಹೆಸರು ಹಳೆಯ ಪಡಿತರ ಚೀಟಿಯಲ್ಲೇ ಉಳಿದರೆ ರೇಶನ್‌ಗೂ ಗೃಹಲಕ್ಷ್ಮಿಗೂ ಅಲೆದಾಟ. ಅದನ್ನೂ ಬೇರೆ ಮಾಡಿಸಬೇಕು.

ಜಮಾಅತ್‌ಗಳಿಗೆ ನಮ್ಮ ಕೋರಿಕೆ

ಈ ಐದು ತಾಲೂಕಿನಲ್ಲಿ ಇರುವ ನಮ್ಮವರು ಬೆರಳೆಣಿಕೆಯ ಮನೆಗಳು. ಸಣ್ಣ ಸಂಖ್ಯೆ ಎಂಬುದೇ ಇಲ್ಲಿ ಅನುಕೂಲ. ಒಬ್ಬರ ವ್ಯಾಪಾರ ಇನ್ನೊಬ್ಬರಿಗೆ ಗೊತ್ತು, ಸುಳ್ಳು ಹೇಳುವುದು ಕಷ್ಟ. ಇಲ್ಲಿಯ ಕಮಿಟಿಯವರು ಆದಾಯದ ನಿಜ ಹೇಳಲಿ, ಊರಿನ ಕಮಿಟಿಯವರು ಮಗುವಿನ ಖರ್ಚಿನ ನಿಜ ಹೇಳಲಿ. ಇಬ್ಬರೂ ಫೋನಿನಲ್ಲಾದರೂ ಒಟ್ಟಿಗೆ ಕೂರಲಿ. ಸಿಟ್ಟಿನಲ್ಲಿ ಒಂದೇ ಉಸಿರಿಗೆ ಮೂರು ಬಾರಿ ಹೇಳಿದ ತಲಾಖ್ 2019ರ ಕಾಯ್ದೆಯ ಪ್ರಕಾರ ಅಸಿಂಧು ಮಾತ್ರವಲ್ಲ, ಅಪರಾಧ ಕೂಡ, ಮೂರು ವರ್ಷದವರೆಗೆ ಶಿಕ್ಷೆ ಇದೆ. ಅಂಥ ತಲಾಖ್ ಹೇಳಿಸಿಕೊಂಡವಳಿಗೂ ಅವಳ ಮಕ್ಕಳಿಗೂ ಜೀವನಾಂಶ ಕೇಳುವ ಹಕ್ಕನ್ನು ಅದೇ ಕಾಯ್ದೆ ಕೊಡುತ್ತದೆ.

ಹಾಳೆ ಬರೆಯುವ ಹಿರಿಯರಲ್ಲಿ ನಾವು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಮುಂದಿನ ಸಲ ಪೆನ್ನು ಹಿಡಿದಾಗ ಪವನಿಗೆ ಮೊದಲು ಮಗುವಿನ ಹೆಸರು, ಪ್ರಾಯ, ಕ್ಲಾಸು ಬರೆಯಿರಿ. ಅದರ ಮುಂದೆ ತಿಂಗಳ ಮೊತ್ತ, ಯಾವ ತಾರೀಕು, ಯಾವ ಖಾತೆ, ವರ್ಷಕ್ಕೆ ಎಷ್ಟು ಏರಿಕೆ ಬರೆಯಿರಿ. ಆಮೇಲೆ ಬಾಪನ ಭೇಟಿಯ ದಿನ. ಆಮೇಲೆ ಅಡವಿಟ್ಟ ಬಳೆ, ಸಂಘದ ಸಾಲ, ಕಪಾಟು, ಮಂಚ. ಕೊನೆಯ ಸಾಲಿನಲ್ಲಿ 'ಯಾವ ಹಕ್ಕು ಬಾಧ್ಯತೆಯೂ ಇರುವುದಿಲ್ಲ' ಎಂದು ಬರೆಯುವ ಮೊದಲು 'ಮಗುವಿನ ಹಕ್ಕು ಹೊರತುಪಡಿಸಿ' ಎಂಬ ಮೂರು ಪದ ಸೇರಿಸಿ.

ಗಂಡ ಹೆಂಡತಿಯ ನಡುವೆ ಏನಾಯಿತೆಂದು ಒಳಗೆ ಮಲಗಿರುವ ಮಗುವಿಗೆ ಗೊತ್ತಿಲ್ಲ. ಇಪ್ಪತ್ತು ವರ್ಷ ಕಳೆದು ಅದು ಆ ಹಾಳೆಯನ್ನು ತೆಗೆದು ಓದುವ ದಿನ ಬಂದರೆ, ತನ್ನ ಹೆಸರು ಮೊದಲ ಸಾಲಿನಲ್ಲಿ ಇರುವುದನ್ನು ನೋಡಲಿ. ಅಲ್ಲಿ ಕೂತಿದ್ದ ಹಿರಿಯರೆಲ್ಲರ ಸಹಿ ಅದರ ಕೆಳಗೇ ಇರುತ್ತದೆಯಲ್ಲ.